ದೀನಪ್ಪನ ಒಂದು ವಾರದ ಕೂಲಿ

ದುಶ್ಚಟಗಳಿಂದಾಗುವ ಕೇಡುಗಳ ಬಗ್ಗೆ ಮಕ್ಕಳ ಕೈಯಲ್ಲಿ ಪ್ರಬಂಧ ಬರೆಸುವುದು ಮೇಷ್ಟ್ರಾದವನ ಕರ್ತವ್ಯಗಳಲ್ಲಿ ಒಂದು. ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನಲ್ಲಿ ನಾನೂ ಎಷ್ಟೋ ಸಲ ಬರೆಸಿದ್ದೇನೆ; ಮಕ್ಕಳು ಬರೆಯುತ್ತಿರುವಾಗ ಹಿಂದಿನ ಬೇಲಿಯ ಹತ್ತಿರ ಹೋಗಿ ಒಂದು ಸಿಗರೇಟು ಸೇದಿ ಬಂದಿದ್ದೇನೆ. ಆದರೆ ದುಶ್ಚಟದಿಂದಾಗುವ ಉಪಕಾರಗಳ ಬಗ್ಗೆ ಬರೆಯಿರಿ ಎಂದು ಯಾವ ಮೇಷ್ಟ್ರೂ ಹೇಳುವುದಿಲ್ಲ, ಯಾವ ಪತ್ರಿಕೆಯೂ ಕೇಳುವುದಿಲ್ಲ. ಕೇಳಿದ್ದರೆ ನನ್ನ ಬಳಿ ಹೇಳಲು ಬೇಕಾದಷ್ಟಿತ್ತು. ಜನ ಸಿಗರೇಟನ್ನು ಸುಖಕ್ಕೆಂದು ಸೇದುತ್ತಾರೆ, ಷೋಕಿಗೆಂದು ಸೇದುತ್ತಾರೆ, ಯೋಚನೆ ಮಾಡುವುದಕ್ಕೆಂದು ಸೇದುತ್ತಾರೆ. ನಾನು ಸೇದುತ್ತಿದ್ದುದು ಕೆಲಸ ತಪ್ಪಿಸಿಕೊಳ್ಳುವುದಕ್ಕೆ. ಅದರ ರುಚಿ ನನಗೆ ಹಿಡಿಸಿತೆಂದು ಹೇಳಲಾರೆ. ಮೊದಲ ವರ್ಷವೆಲ್ಲ ಕೆಮ್ಮುತ್ತಲೇ ಸೇದಿದೆ. ಕಷ್ಟಪಡದೆ ಸುಖ ಸಿಗುವುದಿಲ್ಲವೆಂದು ತರಗತಿಯಲ್ಲಿ ಹೇಳುತ್ತಿದ್ದವನು ನಾನೇ ತಾನೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಊರಿನ ಅಂಚಿನ ಮನೆ. ಹಿತ್ತಿಲಲ್ಲಿ ಬಾವಿ, ಬಾವಿಯ ಸುತ್ತ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡಂತೆ ಒಂದು ಉದ್ದನೆಯ ಕೋಣೆ. ಆ ಕೋಣೆಯಲ್ಲಿ ಬಿದಿರಿನ ತಟ್ಟೆಗಳ ಮೇಲೆ ಅಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಅಪ್ಪ ತೀರಿಕೊಂಡಾಗ ನಾನಿನ್ನೂ ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದೆನಂತೆ. ಅಲ್ಲಿಂದ ಮುಂದೆ ನನಗೆ ಅನ್ನ ಹಾಕಿದ್ದು, ಓದಿಸಿದ್ದು, ಮೇಷ್ಟ್ರ ಕೆಲಸಕ್ಕೆ ಹಚ್ಚಿದ್ದು, ಮದುವೆ ಮಾಡಿದ್ದು ಎಲ್ಲ ಅಮ್ಮ. ಅಮ್ಮನನ್ನು ಕೇಳಿದರೆ ಎಲ್ಲ ಆ ಹುಳುಗಳು. ಹುಳದ ಮನೆಯೆಂದರೆ ಅವಳಿಗೆ ಬಾಣಂತಿ ಕೋಣೆ ಇದ್ದ ಹಾಗೆ. ಬೀಡಿ, ನಶ್ಯ, ಹೊಗೆಸೊಪ್ಪು, ಹೆಂಡದ ವಾಸನೆ, ಕಾಫಿ ಬೀಜ ಹುರಿದ ವಾಸನೆ, ಮೆಣಸಿನಕಾಯಿ ಘಾಟು, ತಲೆಗೆ ಹಚ್ಚುವ ಘಮಘಮ ಎಣ್ಣೆ, ಇವು ಯಾವುವೂ ಅದರ ಹೊಸಲು ದಾಟಕೂಡದು. ಒಳಗೆ ಕಾಲಿಡುವವರು ಯಾರೇ ಆಗಲಿ, ಬಾಗಿಲಲ್ಲಿ ನಿಂತು ಅಮ್ಮನ ಮೂಗಿನ ಮುಂದೆ ಒಂದು ಸಲ ಬಾಯಿ ಊದಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೆಳೆಯರ ಬಲವಂತಕ್ಕೆ ಒಂದು ಸಿಗರೇಟು ಸೇದಿ, ಏನೂ ತಿಳಿಯದವನಂತೆ ಸೊಪ್ಪಿನ ಮಂಕರಿ ಹೊತ್ತುಕೊಂಡು ಹೋಗಿ ಊದಿದೆ. ಅಮ್ಮ ಮಂಕರಿ ಕಿತ್ತುಕೊಂಡು, "ಇನ್ಮೇಲೆ ಈ ಹೊಸಲು ತುಳೀಬೇಡ ಕಣೋ" ಎಂದಳು. ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದೆ. ಜಗಲಿಯ ಮೇಲೆ ಕೂತು ಯೋಚಿಸಿದಾಗ, ಸೊಪ್ಪು ಕೊಯ್ಯುವುದು, ಸೊಪ್ಪು ಹೆಚ್ಚುವುದು, ಹುಳುಗಳ ಕೆಳಗಿನ ಕಸ ತೆಗೆಯುವುದು, ನಿದ್ದೆಗಣ್ಣಿನಲ್ಲಿ ಎದ್ದು ಮತ್ತೆ ಸೊಪ್ಪು ಹಾಕುವುದು, ಎಲ್ಲದರಿಂದಲೂ ಆ ಒಂದು ಗಳಿಗೆಯಲ್ಲಿ ನನಗೆ ಬಿಡುಗಡೆಯಾಗಿದೆಯೆಂದು ಹೊಳೆಯಿತು. ಮಾರನೆಯ ದಿನ ಹೋಗಿ ಒಂದು ಪ್ಯಾಕೆಟ್ಟನ್ನೇ ಕೊಂಡೆ.

ನಾನು ಹೇಳಹೊರಟಿರುವುದು ಅರವತ್ತರ ದಶಕದ ನಡುವಿನ ಒಂದು ವರ್ಷದ ಮಾತು. ಆ ವರ್ಷ ಅಮ್ಮನ ಬೆಳೆ ಎರಡು ಸಲ ಒಂದರ ಹಿಂದೊಂದು ಹೋಗಿತ್ತು. ಸುಣ್ಣಕಟ್ಟು ರೋಗ ಬಂದು, ಇನ್ನೇನು ಗೂಡು ಕಟ್ಟಬೇಕಾದ ಹುಳುಗಳು ಸೀಮೆಸುಣ್ಣದ ತುಂಡುಗಳ ಹಾಗೆ ಬೆಳ್ಳಗೆ ಬಿಗಿದುಕೊಂಡವು. ಅಮ್ಮ ಅವನ್ನು ಮಂಕರಿಗೆ ತುಂಬಿ ಹಿತ್ತಿಲಲ್ಲಿ ಹೂತು ಬಂದಳು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಅವಳು ನನ್ನನ್ನು ಕೂಡ ಬೈಯದಿದ್ದಾಗಲೇ ಪರಿಸ್ಥಿತಿ ಕೆಟ್ಟಿದೆಯೆಂದು ನನಗೆ ತಿಳಿಯಬೇಕಿತ್ತು. ಮೂರನೆಯ ಸಲ ಮೊಟ್ಟೆ ತಂದ ದಿನ, "ಈ ಸಲಾನೂ ಹೋದ್ರೆ ತಟ್ಟೆನೆಲ್ಲಾ ಅಟ್ಟಕ್ಕೆ ಹಾಕ್ಬಿಡ್ತೀನಿ ಕಣಪ್ಪ. ತೋಟ ಕೀಳ್ಸಿ ರಾಗಿ ಹಾಕ್ಸು. ನನ್ ಕೈಗುಣ ಮುಗೀತು ಅಂದ್ಕೊಂತೀನಿ" ಎಂದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹುಳು ಸಾಕದ ಅಮ್ಮನನ್ನು ನಾನು ನೋಡಿದ್ದೇ ಇಲ್ಲ. ಅವಳು ಜಗಲಿಯ ಮೇಲೆ ಕೈಕಟ್ಟಿಕೊಂಡು ಕೂತಿರುವುದನ್ನು ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ. ಅಲ್ಲದೆ, ಬೆಳಗಿನಿಂದ ಸಂಜೆಯವರೆಗೆ ಅವಳ ಗಮನವೆಲ್ಲ ನನ್ನೊಬ್ಬನ ಮೇಲೆ ಬೀಳುವ ಅಪಾಯವೂ ಇತ್ತು. ಹೆಂಡತಿ ಬಾಣಂತನಕ್ಕೆಂದು ಚಿಂತಾಮಣಿಯ ತವರಿಗೆ ಹೋಗಿದ್ದಳು. ಹುಳದ ಮನೆಯಲ್ಲಿ ಅಮ್ಮ ಮತ್ತು ಇಬ್ಬರು ಕೂಲಿ ಹೆಂಗಸರು. ನಾನು ಯಥಾಪ್ರಕಾರ ಹೊಗೆಯ ರಕ್ಷಣೆಯಲ್ಲಿ ಹೊರಗಿದ್ದೆ.

ಹುಳುಗಳು ನಾಲ್ಕನೆಯ ಜ್ವರ ಮುಗಿಸಿ ಎದ್ದ ಮಂಗಳವಾರ ಬಾಷಾ ಸಾಹೇಬರು ಬಂದರು. ಜ್ವರವೆಂದರೆ ಗಾಬರಿಪಡಬೇಕಾದ್ದಿಲ್ಲ; ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರವೆನ್ನುತ್ತಾರೆ. ನಾಲ್ಕು ಸಲ ಹಾಗೆ ಕೂತು ಎದ್ದ ಮೇಲೆ ಒಂದು ವಾರ ಅವು ತಿನ್ನುವುದಕ್ಕೆ ಲೆಕ್ಕವೇ ಇಲ್ಲ. ಮದುವೆ ಮನೆಯಲ್ಲಿ ಬೀಗರ ಪಂಕ್ತಿಗೆ ಬಡಿಸಿದ ಹಾಗೆ ಬಡಿಸುತ್ತಲೇ ಇರಬೇಕು. ಬಾಷಾ ಸಾಹೇಬರು ಪೇಟೆಯಲ್ಲಿ ಗೂಡಿನಿಂದ ನೂಲು ತೆಗೆಯುವ ಚರಕಗಳನ್ನು ಇಟ್ಟಿದ್ದರು. ಅಮ್ಮನ ಗೂಡನ್ನು ಬಹಳ ಕಾಲದಿಂದ ಅವರೇ ಕೊಳ್ಳುತ್ತಿದ್ದರು. ಅವರ ಹಿಂದೆ ಒಬ್ಬ ಬಿಳಿಯ ಯುವಕ ನಿಂತಿದ್ದ. ಇಪ್ಪತ್ತರ ಆಸುಪಾಸಿನ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಷರ್ಟು, ಕಪ್ಪು ಟೈ, ಕ್ರೀಮು ಹಚ್ಚಿ ಒಂದೇ ಒಂದು ಕೂದಲೂ ಅಲುಗಾಡದಂತೆ ಬಾಚಿದ ತಲೆ. ಈ ಹುಡುಗ ಮತ್ತು ಇವನ ಜೊತೆಯವನೊಬ್ಬ ಸಾಹೇಬರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದುಕೊಂಡು ತಮ್ಮ ಮತ ಪ್ರಚಾರ ಮಾಡುತ್ತಿದ್ದುದನ್ನು ನಾನು ದೂರದಿಂದ ಕಂಡಿದ್ದೆ. ಅಮೆರಿಕದವರು, ಮಾರ್ಮನ್ ಎಂಬ ಪಂಗಡದವರು. ಅಮೆರಿಕವೆಂದರೆ ನಮ್ಮೂರಿಗೆ ಆಗ ಗೊತ್ತಿದ್ದುದು ಸ್ಕೂಲಿನಲ್ಲಿ ಮಕ್ಕಳಿಗೆ ಕಲಸಿ ಕೊಡುವ ಹಾಲಿನ ಪುಡಿಯ ಮೂಲಕ. ಆ ದೇಶದಲ್ಲಿ ಹಸುಗಳಿವೆಯೋ ಅಥವಾ ಪುಡಿ ಮಾತ್ರವೋ ಎಂಬುದು ಅಮ್ಮನಿಗೆ ಬಹಳ ದಿನದಿಂದ ಇದ್ದ ಅನುಮಾನ.

"ಮಾಸ್ತರ್ ಸಾಬ್, ಒಂದ್ ಉಪಕಾರ ಆಗ್ಬೇಕು," ಎಂದರು ಬಾಷಾ ಸಾಹೇಬರು. "ಇವ್ರ ಜೋಡಿ ಹುಡುಗನಿಗೆ ಕಾಮಾಲೆ. ಬೆಂಗ್ಳೂರಿಗೆ ಕರ್ಕೊಂಡ್ ಹೋದ್ರು. ಬದಲಿ ಹುಡುಗ ಬರೋಕೆ ಒಂದ್ ವಾರ ಆಗುತ್ತಂತೆ. ಇವ್ರ ಮತದಲ್ಲಿ ಒಬ್ರೇ ಇರಂಗಿಲ್ಲ. ಯಾವಾಗ್ಲೂ ಇಬ್ರು. ಒಬ್ರ ಕಣ್ಣಿಗೆ ಒಬ್ರು ಕಾಣ್ತಾನೇ ಇರ್ಬೇಕು. ಇವ್ರ ಹಿರೀರಿಗೆ ಟ್ರಂಕ್ ಕಾಲ್ ಮಾಡಿದ್ದಕ್ಕೆ, ಅಲ್ಲೀವರೆಗೂ ಯಾರಾದ್ರೂ ಮರ್ಯಾದಸ್ಥ ಸಂಸಾರಿ ಜೊತೆ ಇರು ಅಂದ್ರಂತೆ." ನಾನು ಕಾಲರು ಸರಿಮಾಡಿಕೊಂಡೆ. ಸಾಹೇಬರು ಮುಂದುವರಿಸಿದರು: "ವಕೀಲ್ರಿಗೆ ಪುರುಸೊತ್ತಿಲ್ಲ. ಡಾಕ್ಟ್ರು ಆಗಲ್ಲ ಅಂದ್ಬಿಟ್ರು. ಇಂಗ್ಲಿಷ್ ಬರೋರು ಅಂದ್ರೆ ಆಮೇಲೆ ಉಳಿದೋರು ನೀವೇ."

ಹುಡುಗನ ಹೆಸರು ಡೀನ್. ಅಮ್ಮ ಅವನನ್ನು ಅಂದೇ ದೀನಪ್ಪ ಎಂದು ಕರೆದಳು, ವಾರವಿಡೀ ಹಾಗೆಯೇ ಕರೆದಳು. ಅವನೂ ಓಗೊಟ್ಟ. ಒಂದು ವಾರ ಒಬ್ಬ ಅತಿಥಿ ಇರುವುದರಲ್ಲಿ ಕಷ್ಟವೇನಿದೆ ಎಂದು ನಾನು ಒಪ್ಪಿಕೊಂಡೆ. ಆದರೆ ಕಣ್ಣಿಗೆ ಕಾಣುತ್ತಿರಬೇಕು ಎನ್ನುವ ನಿಯಮದ ಉದ್ದಗಲ ನನಗೆ ಗೊತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ನಾನು ಚೆಂಬು ಹಿಡಿದು ಕೆರೆಯ ಕಡೆ ಹೊರಟರೆ ಅವನೂ ಹೊರಟ. ಅಲ್ಲಿ ಒಂದು ಮರ್ಯಾದೆಯ ದೂರದಲ್ಲಿ ಬೆನ್ನು ತಿರುಗಿಸಿ ನಿಂತು, ತಾನು ಅಲ್ಲಿದ್ದೇನೆಂದು ನನಗೆ ತಿಳಿಯಲೆಂದು ಸಣ್ಣಗೆ ತಮ್ಮ ಮತದ ಹಾಡೊಂದನ್ನು ಗುನುಗಿದ. ಸ್ಕೂಲಿಗೂ ಬಂದ. ಹಿಂದಿನ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ನನ್ನ ಇಂಗ್ಲಿಷ್ ಪಾಠವನ್ನು ಬಹಳ ಗಮನವಿಟ್ಟು ಕೇಳಿದ. ಅವನ ಮುಖ ನೋಡಿದರೆ ನಾನು ಯಾವ ಭಾಷೆ ಕಲಿಸುತ್ತಿದ್ದೇನೆಂದು ತಿಳಿದುಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಿರುವಂತೆ ಕಾಣುತ್ತಿತ್ತು. ಮಕ್ಕಳು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡುತ್ತಿದ್ದರು. ಮಧ್ಯಾಹ್ನವೇ ಹೆಡ್‌ಮಾಸ್ಟರರ ಬಳಿ ಹೋಗಿ ಉಳಿದ ದಿನಗಳಿಗೆ ಸಿ.ಎಲ್. ಹಾಕಿದೆ.

ಅದೇ ಸಂಜೆ ಪೆಟ್ಟಿಗೆ ಅಂಗಡಿಯ ಮುಂದೆ ನಿಂತು ಒಂದು ಸಿಗರೇಟು ಹಚ್ಚಿದೆ. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತ. ಬೇಡವೆನ್ನಲಿಲ್ಲ, ಮೂಗು ಮುಚ್ಚಿಕೊಳ್ಳಲಿಲ್ಲ, ಉಪದೇಶ ಮಾಡಲಿಲ್ಲ. ಸುಮ್ಮನೆ, ನನಗೆ ಏನೋ ಕಾಯಿಲೆಯಿದೆಯೆಂಬಂತೆ, ತುಂಬ ಸ್ನೇಹದಿಂದ ನೋಡುತ್ತಿದ್ದ. ಹಾಗೆ ನೋಡಿಸಿಕೊಂಡು ಸಿಗರೇಟು ಸೇದುವುದು ಬಹಳ ಕಷ್ಟದ ಕೆಲಸ. ನಿಮಗೂ ಚಟವೇನಾ ಎಂದು ಅಂಗಡಿಯವನು ಅವನನ್ನು ಕೇಳಿದ್ದಕ್ಕೆ ನಾನೇ ಭಾಷಾಂತರ ಮಾಡಿ ಉತ್ತರ ಹೇಳಬೇಕಾಯಿತು: ಅವನ ಮತದಲ್ಲಿ ಸಿಗರೇಟಿಲ್ಲ, ಬೀಡಿಯಿಲ್ಲ, ನಶ್ಯವಿಲ್ಲ, ಹೆಂಡ ಸಾರಾಯಿ ಇಲ್ಲ, ಕಾಫಿಯಿಲ್ಲ, ಕೊನೆಗೆ ಟೀ ಕೂಡ ಇಲ್ಲ. "ಮತ್ತೆ ಇವ್ರು ಹೊತ್ತು ಹೆಂಗೆ ಕಳೀತಾರೆ ಸಾರ್?" ಎಂದು ಅಂಗಡಿಯವನು ಮರುಗಿದ.

ಈ ಪಟ್ಟಿ ಅಮ್ಮನ ಕಿವಿಗೆ ಬಿದ್ದದ್ದು ಅವಳು ಅವನಿಗೆ ಕಾಫಿ ಕೊಡಲು ಬಂದಾಗ. ಒಂದೊಂದನ್ನೇ ಕೇಳಿ, ಕೇಳಿದ್ದನ್ನೇ ಮತ್ತೆ ಕೇಳಿ, ಲೋಟ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಪಾದ್ರಿ ಹುಡುಗರು ಮನೆಗೆ ಬಂದರೆ ಜಾತಿ ಕೆಡುತ್ತದೆಂದು ನಮ್ಮ ಬೀದಿಯಲ್ಲಿ ಮಾತಾಡಿಕೊಂಡಿದ್ದರು. ಅಮ್ಮ ಜಾತಿಯ ಮಾತೆತ್ತಲಿಲ್ಲ. "ಎಲ್ಲಿ, ಬಾಯಿ ಊದು ನಾಯ್ನಾ," ಎಂದಳು. ಅವನು ನನ್ನ ಕಡೆ ನೋಡಿದ. ನಾನು ಊದಿ ತೋರಿಸಿದೆ; ಅಮ್ಮ ಮುಖ ತಿರುಗಿಸಿ, "ನೀನಲ್ಲ" ಎಂದಳು. ಅವನು ಊದಿದ. ಅಮ್ಮ ಕಣ್ಣುಮುಚ್ಚಿಕೊಂಡು ಆಲೋಚಿಸಿ, "ಇವ್ರ ಮತ ಯಾರೋ ಹುಳ ಸಾಕೋರು ಮಾಡಿರೋ ಮತ ಕಣೋ," ಎಂದು ತೀರ್ಪು ಕೊಟ್ಟಳು.

ಅದನ್ನು ಅವನಿಗೆ ತಿಳಿಸಿದಾಗ ಆದದ್ದು ನಾನು ನಿರೀಕ್ಷಿಸಿದ್ದಲ್ಲ. ಹುಳ ಎಂದರೆ ಯಾವ ಹುಳ ಎಂದು ಕೇಳಿದ, ಹೇಳಿದೆ. ಅವನ ಮುಖ ಅರಳಿತು. ಅವನ ಮುತ್ತಜ್ಜಿಯ ಕಾಲದಲ್ಲಿ, ಅವರ ಜನ ಹೋಗಿ ನೆಲೆ ನಿಂತ ಒಣ ಬೆಟ್ಟದ ಸೀಮೆಯಲ್ಲಿ, ಹೆಂಗಸರೆಲ್ಲ ಸೇರಿ ರೇಷ್ಮೆ ಹುಳು ಸಾಕಿದ್ದರಂತೆ. ಮುತ್ತಜ್ಜಿ ಮನೆಯವರನ್ನೆಲ್ಲ ಕೆಳಗೆ ಇಕ್ಕಟ್ಟಿನಲ್ಲಿ ಮಲಗಿಸಿ ಮಹಡಿಯನ್ನು ಹುಳುಗಳಿಗೆ ಬಿಟ್ಟುಕೊಟ್ಟಿದ್ದಳಂ‌ತೆ. ಆ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದನೇ ಹೊರತು ಹುಳುವನ್ನು ಕಣ್ಣಿನಿಂದ ನೋಡಿರಲಿಲ್ಲ. ಅಮ್ಮ ಬಹಳ ಆಸಕ್ತಿಯಿಂದ, "ಬೆಳೆ ಆಯ್ತಂತಾ?" ಎಂದು ಕೇಳಿದಳು. ಕೆಲವು ವರ್ಷ ಆಯಿತು, ಆಮೇಲೆ ಯಾಕೋ ಕೈಹತ್ತದೆ ಎಲ್ಲರೂ ಬಿಟ್ಟರು ಎಂದ. "ಯಾರೋ ಸೇದೋರು ಇದ್ದಿರ್ಬೇಕು ಮನೇಲಿ," ಎಂದು ಅಮ್ಮ ನನ್ನನ್ನು ನೋಡಿದಳು.

ಗುರುವಾರದಿಂದ ದೀನಪ್ಪ ಹುಳದ ಮನೆಗೆ ಸೇರಿದ. ಅದಕ್ಕೆ ಮುಂಚೆ ಬಾವಿಯ ಹತ್ತಿರ ಕೂರಿಸಿ ಸೀಗೆಪುಡಿ ಹಾಕಿ ತಲೆ ಉಜ್ಜಿಸಿದ್ದಾಯಿತು. ಕ್ರೀಮು ಹೋದ ಮೇಲೆ ಕೂದಲು ಹುಲ್ಲಿನ ಹಾಗೆ ಎದ್ದು ನಿಂತಿತು. ಟೈ ತಟ್ಟೆಯ ಮೇಲೆ ಇಳಿಬೀಳುತ್ತದೆಂದು ಅಮ್ಮ ಅದನ್ನು ಗೂಟಕ್ಕೆ ನೇತುಹಾಕಿಸಿದಳು. ಅವನ ಊರಿನಲ್ಲಿ ಅವರದ್ದು ಬೇಸಾಯದ ಮನೆಯಂತೆ. ಎರಡು ಸಲ ತೋರಿಸಿದ್ದಕ್ಕೆ ಸೊಪ್ಪು ಹೆಚ್ಚುವುದು, ಕಸ ತೆಗೆಯುವುದು ಕೈಗೆ ಬಂತು. ಅವನಿಗೆ ಸುಖವಾಯಿತು, ಅಮ್ಮನಿಗೆ ಸುಖವಾಯಿತು. ಸಿಕ್ಕಿಹಾಕಿಕೊಂಡವನು ನಾನು. ಅವನು ಒಳಗಿದ್ದರೆ ಅವನ ಕಣ್ಣಿಗೆ ಕಾಣುವಂತೆ ನಾನು ಬಾಗಿಲ ಹೊರಗೆ ಕೂತಿರಬೇಕು. ನಾನು ಪೆಟ್ಟಿಗೆ ಅಂಗಡಿಯ ಕಡೆ ಹೋಗೋಣವೆಂದು ಎದ್ದರೆ ಅವನೂ ಕತ್ತಿ ಕೆಳಗಿಟ್ಟು ಏಳುತ್ತಿದ್ದ. ಅವನೆದ್ದರೆ ಸೊಪ್ಪು ನಿಲ್ಲುತ್ತಿತ್ತು. ಸೊಪ್ಪು ನಿಂತರೆ ಅಮ್ಮ ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದಳು. ನಾನು ಮತ್ತೆ ಕೂರುತ್ತಿದ್ದೆ. ಹೀಗೆ ಗುರುವಾರ ಕಳೆಯಿತು, ಶುಕ್ರವಾರ ಕಳೆಯಿತು, ಶನಿವಾರವೂ ಕಳೆಯಿತು. ಕೂತು ಕೂತು ಬೇಜಾರಾಗಿ ನಾನೂ ಅಷ್ಟಿಷ್ಟು ಸೊಪ್ಪಿನ ತೊಟ್ಟು ಮುರಿದೆನೆಂದು ಕಾಣುತ್ತದೆ.

ಅವನು ತನ್ನ ಕೆಲಸವನ್ನು ಮರೆತಿರಲಿಲ್ಲ. ಉಣ್ಣೆ ಬಟ್ಟೆ ಹೊದಿಸಿದ ಒಂದು ಸಣ್ಣ ಹಲಗೆ ಅವನ ಬಳಿ ಇತ್ತು. ಅದಕ್ಕೆ ಕಾಗದದ ಬೊಂಬೆಗಳನ್ನು ಅಂಟಿಸುತ್ತ ತಮ್ಮ ಮತದ ಕಥೆ ಹೇಳುತ್ತಿದ್ದ. ಹುಳುಗಳಿಗೆ ಸೊಪ್ಪು ಹಾಕಿ ಮುಂದಿನ ಸಲದವರೆಗೆ ಸಿಗುವ ಬಿಡುವಿನಲ್ಲಿ ಅದನ್ನು ಮಂಕರಿಗೆ ಒರಗಿಸಿಟ್ಟು ಅಮ್ಮನಿಗೆ ಹೇಳಿದ. ಬೆಂಗಳೂರಿನಲ್ಲಿ ಯಾರೋ ಕಲಿಸಿದ ಪುಸ್ತಕದ ಕನ್ನಡ. "ತಾಯಿಯವರೇ, ದಯಮಾಡಿ ಆಲಿಸಬೇಕು" ಎಂದು ಶುರುಮಾಡುತ್ತಿದ್ದ. ಮುಂದಕ್ಕೆ ನನ್ನ ಭಾಷಾಂತರ. ಒಬ್ಬ ಹಳ್ಳಿ ಹುಡುಗ ಯಾವ ಮತ ಸರಿಯೆಂದು ದೇವರನ್ನೇ ಕೇಳಬೇಕೆಂದು ತೋಪಿಗೆ ಹೋದದ್ದು, ಅಲ್ಲಿ ಬೆಳಕು ಕಂಡದ್ದು. ಅಮ್ಮ ಬಹಳ ಶ್ರದ್ಧೆಯಿಂದ ಕೇಳಿದಳು. ಅವಳು ಕೇಳಿದ ಪ್ರಶ್ನೆಗಳು ಮಾತ್ರ, ಹುಡುಗ ತೋಪಿಗೆ ಹೋದಾಗ ಮನೆಯಲ್ಲಿ ದನ ನೋಡಿಕೊಂಡವರು ಯಾರು, ಅವನಿಗೆ ಊಟಕ್ಕೆ ಏನು ಕಟ್ಟಿಕೊಟ್ಟಿದ್ದರು, ತಡವಾಗಿ ಬಂದದ್ದಕ್ಕೆ ಅವರಮ್ಮ ಏನೂ ಅನ್ನಲಿಲ್ಲವಾ ಎಂಬಂಥವು. ದೀನಪ್ಪನಿಗೆ ಕೆಲವಕ್ಕೆ ಉತ್ತರ ಗೊತ್ತಿರಲಿಲ್ಲ. ಆರು ತಿಂಗಳಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಎಂದು ಸೈಕಲ್ ತುಳಿದಿದ್ದೇನೆ, ಒಬ್ಬರೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ ಎಂದು ನನಗೆ ಹೇಳಿದ. ಕಥೆ ಕೇಳಿಸಿಕೊಂಡವರಿದ್ದಾರೆ, ಒಳ್ಳೆಯ ಮಾತು ಎಂದವರಿದ್ದಾರೆ, ಎಳನೀರು ಕೊಟ್ಟವರಿದ್ದಾರೆ. ಸೇರಿದವರು ಒಬ್ಬರೂ ಇಲ್ಲ. ಒಬ್ಬರಾದರೂ ಬೇಕಿತ್ತು ಎಂದು ಅವನು ತಲೆ ತಗ್ಗಿಸಿ ಹೇಳಿದಾಗ ನನಗೆ ಪಾಪವೆನಿಸಿತು. ಅಮ್ಮನ ಚಿಂತೆ ಹುಳು, ಅವನ ಚಿಂತೆ ಜನ. ನಾನು ಸಿಗರೇಟಿನ ಯೋಚನೆಯಲ್ಲಿದ್ದೆ.

ಭಾನುವಾರ ಬೆಳಿಗ್ಗೆ ಹುಳು ಹಣ್ಣಾಯಿತು. ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಆ ಕಡೆ ಈ ಕಡೆ ಹುಡುಕಾಡುತ್ತದೆ. ಅದೇ ಹಣ್ಣಾದ ಗುರುತು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಕಟ್ಟಿದ ದೊಡ್ಡ ತಟ್ಟಿಗೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ತಡವಾದರೆ ಕಸದಲ್ಲೋ ಸೊಪ್ಪಿನ ಮರೆಯಲ್ಲೋ ನೂಲು ಚೆಲ್ಲಿ ಹಾಳಾಗುತ್ತದೆ. ಒಂದು ತಿಂಗಳ ಶ್ರಮ ಒಂದು ಹಗಲಿನ ಕೈಗಳ ಮೇಲೆ ನಿಂತಿರುತ್ತದೆ. ಆ ದಿನವೇ ಕೂಲಿ ಹೆಂಗಸರಿಬ್ಬರೂ ಯಾರದೋ ಮದುವೆಗೆಂದು ಅಂಬಾಜಿದುರ್ಗದ ಕಡೆ ಹೋಗಿದ್ದರು. ಹೋಗಲಿ, ದೀನಪ್ಪನಿದ್ದಾನಲ್ಲ ಎಂದು ನಾನು ನೆಮ್ಮದಿಯಾಗಿ ಹಲ್ಲುಜ್ಜುತ್ತಿದ್ದೆ. ಅವನು ಸ್ನಾನ ಮಾಡಿ, ಬಿಳಿ ಷರ್ಟು ತೊಟ್ಟು, ಗೂಟದಿಂದ ಟೈ ತೆಗೆದು ಕಟ್ಟಿಕೊಂಡು, ಕೈಯಲ್ಲಿ ತನ್ನ ಪುಸ್ತಕ ಹಿಡಿದು ಬಂದು ಜಗಲಿಯ ಮೇಲೆ ಕೂತ. ಇವತ್ತು ಭಾನುವಾರ, ದೇವರ ದಿನ, ಕೆಲಸ ಮಾಡುವಂತಿಲ್ಲ ಎಂದ. ಅಷ್ಟೇ ಅಲ್ಲ, ತಿಂಗಳ ಮೊದಲ ಭಾನುವಾರವಾದ್ದರಿಂದ ಉಪವಾಸ ಕೂಡ.

ನನ್ನ ಬಾಯಲ್ಲಿದ್ದ ಬೇವಿನ ಕಡ್ಡಿ ಹಾಗೇ ನಿಂತಿತು. ನಾನು ಬಾಯಿ ಮುಕ್ಕಳಿಸಿ ಬಂದು ವಾದಕ್ಕೆ ಕೂತೆ. ಧರ್ಮದ ಬಗ್ಗೆ ಅಷ್ಟು ತೀವ್ರವಾಗಿ ನಾನು ಅದಕ್ಕೆ ಮುಂಚೆ ಮಾತಾಡಿದ್ದಿಲ್ಲ, ಆಮೇಲೂ ಇಲ್ಲ. ಪ್ರಾಣಿಗಳ ಮೇಲೆ ದಯೆ ತೋರಿಸುವುದು ಕೆಲಸವಲ್ಲ, ಪೂಜೆ ಎಂದೆ. ಅವನೂ ಸಂಕಟಪಡುತ್ತಿದ್ದ. ಎತ್ತು ಬಾವಿಗೆ ಬಿದ್ದರೆ ಈ ದಿನವೂ ಮೇಲೆತ್ತಬಹುದು, ಅಷ್ಟು ರಿಯಾಯಿತಿ ನಮ್ಮಲ್ಲಿದೆ ಎಂದ. ನಾನು ಅದನ್ನು ಹಿಡಿದುಕೊಂಡೆ. ಒಂದು ಎತ್ತಿಗೆ ರಿಯಾಯಿತಿ ಇದ್ದರೆ ಇಷ್ಟೊಂದು ಸಾವಿರ ಹುಳುಗಳಿಗೆ ಯಾಕಿಲ್ಲ, ಎಲ್ಲ ಸೇರಿಸಿ ತೂಕ ಹಾಕಿದರೆ ಅರ್ಧ ಎತ್ತಾದರೂ ಆಗುವುದಿಲ್ಲವೇ ಎಂದು ಕೇಳಿದೆ. ಅವನು ಪ್ರಾಮಾಣಿಕವಾಗಿ ಯೋಚಿಸತೊಡಗಿದ. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಅವನು ಟೈ ಬಿಚ್ಚುತ್ತಿದ್ದನೆಂದು ಈಗಲೂ ನಂಬಿದ್ದೇನೆ. ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದು ಏನು ಗಲಾಟೆಯೆಂದು ಕೇಳಿದಳು. ಹೇಳಿದೆ.

"ಸೋಮವಾರ ನಾವು ಎತ್ತಿನ ಹೆಗಲ ಮೇಲೆ ನೊಗ ಇಡ್ತೀವಾ?" ಎಂದಳು ಅಮ್ಮ. "ಇಲ್ಲ ತಾನೆ. ಬಸವಣ್ಣನ ದಿನ ಅಂತ ಬಿಡಲ್ವಾ. ಹಂಗೇ ಅವನಿಗೆ ಭಾನುವಾರ. ಕೂತ್ಕೊಳ್ಲಿ ಬಿಡು."

"ಬೆಳೆ ಹೋಗುತ್ತಲ್ಲಮ್ಮ," ಎಂದೆ.

"ಅವನ ಕೈ ಅವನ ದೇವ್ರು ಹಿಡ್ಕೊಂಡವ್ನೆ. ನಿನ್ ಕೈ ಯಾವ ದೇವ್ರು ಹಿಡ್ಕೊಂಡವ್ನೆ? ಎಲ್ಲಿ, ಊದು."

ನಾನು ತುಂಬು ವಿಶ್ವಾಸದಿಂದ ಊದಿದೆ. ಇಷ್ಟು ವರ್ಷ ಕೈಬಿಡದ ಹೊಗೆ ಇವತ್ತು ಕೈಬಿಟ್ಟೀತೇ ಎಂದುಕೊಂಡೆ. ಅಮ್ಮ ಮೂಸಿ ನೋಡಿದಳು, ಇನ್ನೊಮ್ಮೆ ಊದು ಎಂದು ಮತ್ತೆ ಮೂಸಿ ನೋಡಿದಳು. ಅವಳ ಮುಖದಲ್ಲಿ ಆಶ್ಚರ್ಯ ಕಂಡಿತು. "ವಾಸ್ನೆ ಇಲ್ಲ," ಎಂದಳು. "ಬಾ ಒಳಕ್ಕೆ." ಆಗ ಹೊಳೆಯಿತು, ಬುಧವಾರ ಸಂಜೆಯಿಂದ ನಾನು ಒಂದೂ ಸೇದಿರಲಿಲ್ಲ. ಬಾಗಿಲಲ್ಲಿ ಕೂತಿದ್ದ ಮೂರು ದಿನದಲ್ಲಿ ನನ್ನ ಉಸಿರು ನನಗೆ ತಿಳಿಸದೆಯೇ ಮಡಿಯಾಗಿಹೋಗಿತ್ತು.

ಆ ಹಗಲನ್ನು ನಾನು ವರ್ಣಿಸಲಾರೆ. ಹಣ್ಣು ಹುಳು ಕೈಗೆ ತಣ್ಣಗೆ ಮೆತ್ತಗೆ ಸಿಗುತ್ತದೆ. ಬಿಗಿಯಾಗಿ ಹಿಡಿದರೆ ಸಾಯುತ್ತದೆ, ಸಡಿಲ ಹಿಡಿದರೆ ಜಾರುತ್ತದೆ. ಬಗ್ಗಿ ಬಗ್ಗಿ ಬೆನ್ನು ನನ್ನದಲ್ಲವೆನಿಸಿತು. ಯಾವಾಗ ಬಾಗಿಲ ಕಡೆ ತಿರುಗಿದರೂ ಜಗಲಿಯ ಮೇಲೆ ದೀನಪ್ಪ ಕಾಣುತ್ತಿದ್ದ, ನಿಯಮ ಹಾಗಿತ್ತಲ್ಲ. ಅವನು ಹೊಟ್ಟೆ ಹಸಿದುಕೊಂಡು ನಾನು ಕೆಲಸ ಮಾಡುವುದನ್ನು ನೋಡುತ್ತಿದ್ದ. ಅವನ ಬೆರಳುಗಳು ಪುಸ್ತಕದ ಮೇಲೆ ತಾವಾಗಿಯೇ ಆಡುತ್ತಿದ್ದವು. ನನಗೆ ಒಂದು ಹುಳು ಜಾರಿದಾಗಲೆಲ್ಲ ಅವನು ಅರ್ಧ ಎದ್ದು ಮತ್ತೆ ಕೂರುತ್ತಿದ್ದ. ಅವನಿಗಾದ ಹಿಂಸೆ ನನ್ನದಕ್ಕಿಂತ ಕಡಿಮೆಯದಲ್ಲವೆಂದು ಈಗ ಅನಿಸುತ್ತದೆ, ಆಗ ಹಾಗನಿಸಲಿಲ್ಲ. ಅಮ್ಮ ನನ್ನ ಜೊತೆ ಮಾತಿಲ್ಲದೆ ಆರಿಸುತ್ತಿದ್ದಳು. ಒಮ್ಮೆ ಮಾತ್ರ, ನನ್ನ ಕೈಯನ್ನು ನೋಡಿ, "ನಿಮ್ಮಪ್ಪನದೂ ಹಿಂಗೇ ಕೈ, ಆತುರ ಇಲ್ದಂಗೆ" ಎಂದಳು. ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲೆಂದು ಕಾಣುತ್ತದೆ. ಮುಂದಿನ ಹುಳುವನ್ನು ಇನ್ನಷ್ಟು ನಿಧಾನವಾಗಿ ಎತ್ತಿದೆ. ಹೊತ್ತು ಮುಳುಗುವ ಹೊತ್ತಿಗೆ ತಟ್ಟೆಗಳು ಖಾಲಿಯಾಗಿದ್ದವು, ಚಂದ್ರಿಕೆಗಳು ತುಂಬಿದ್ದವು. ದೀನಪ್ಪ ಉಪವಾಸ ಮುರಿದು, ಅಮ್ಮ ಹಾಕಿದಷ್ಟು ಮುದ್ದೆಯನ್ನೂ ಅವರೆಕಾಳಿನ ಸಾರನ್ನೂ ಉಂಡ. ನಾನು ಅನ್ನದ ತಟ್ಟೆಯ ಮುಂದೆಯೇ ನಿದ್ದೆ ಹೋದೆನಂತೆ.

ಮಂಗಳವಾರ ಬೆಳಿಗ್ಗೆ ಬಾಷಾ ಸಾಹೇಬರು ಬಂದರು. ಬದಲಿ ಹುಡುಗ ಬಂದಿದ್ದಾನೆ, ಮನೆಯಲ್ಲಿ ನಮ್ಮವರ ಜೊತೆ ಕೂರಿಸಿ ಬಂದಿದ್ದೇನೆ ಎಂದರು. ಕಣ್ಣು ಮಾತ್ರ ಚಂದ್ರಿಕೆಗಳ ಮೇಲಿತ್ತು. ಸುರುಳಿ ಸುರುಳಿಯ ನಡುವೆ ಗೂಡುಗಳು ಒತ್ತಾಗಿ ಕೂತಿದ್ದವು. ಬಗ್ಗಿ, ಬೆರಳ ತುದಿಯಲ್ಲಿ ಮೆಲ್ಲಗೆ ಮುಟ್ಟಿ, "ಇನ್ನೆರಡು ದಿನ ಬಿಡಿ ಅಮ್ಮಾ. ಗಟ್ಟಿ ಇದೆ. ಇಂಥಾ ಗೂಡು ಈ ವರ್ಷ ಶಿಡ್ಲಘಟ್ಟಕ್ಕೇ ಬಂದಿಲ್ಲ" ಎಂದರು. ಅಮ್ಮ ಒಳಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದಳು. ಕಣ್ಣು ಒರೆಸಿಕೊಂಡಿದ್ದು ಗೊತ್ತಾಗುತ್ತಿತ್ತು. ಬಂದವಳೇ ದೀನಪ್ಪನ ಕೈಗೆ ಕೂಲಿ ಕೊಡಲು ಹೋದಳು. ಅವನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ತಗೊಳ್ಳುವಂತಿಲ್ಲ, ಅದೂ ಒಂದು ನಿಯಮ. ಅವರಲ್ಲಿ ಎಷ್ಟು ನಿಯಮಗಳಿವೆಯೋ ನನಗೆ ಇವತ್ತಿಗೂ ತಿಳಿಯದು.

"ಕೂಲಿ ಕೊಡ್ದೆ ಈ ಮನೆಯಿಂದ ಯಾರನ್ನೂ ಕಳ್ಸಿಲ್ಲ," ಎಂದಳು ಅಮ್ಮ. "ಗೂಡಿನ್ನೂ ಬಿಡ್ಸಿಲ್ಲ. ಈಗ್ಲೇ ದುಡಿದೋರ ಋಣ ಇಟ್ಕೊಂಡ್ರೆ ಬೆಳೆಗೆ ಒಳ್ಳೇದಲ್ಲ. ದುಡ್ಡು ಬೇಡ ಅಂದ್ರೆ ಇನ್ನೇನು ಬೇಕಂತೆ, ಕೇಳು."

ಕೇಳಬೇಕಾಗಿರಲಿಲ್ಲ. ಅವನಿಗೆ ಬೇಕಾದ್ದು ದುಡ್ಡಲ್ಲಮ್ಮ, ಜನ ಎಂದೆ. ಅಷ್ಟು ದೂರದಿಂದ ಬಂದು ಆರು ತಿಂಗಳಾಯಿತು, ಅವನ ಮತಕ್ಕೆ ಸೇರಲು ಒಬ್ಬರೂ ಸಿಕ್ಕಿಲ್ಲ, ಒಬ್ಬರು ಸಿಕ್ಕಿದ್ದರೂ ಸಾಕಿತ್ತಂತೆ ಎಂದು ವಿವರಿಸಿದೆ. "ಅಯ್ಯೋ ಪಾಪ, ಒಬ್ರೇ ತಾನೆ," ಎಂದಳು ಅಮ್ಮ. ಸುತ್ತ ನೋಡಿದಳು. ಬಾಷಾ ಸಾಹೇಬರು ಕೂಡಲೇ ಚಂದ್ರಿಕೆಯ ಹಿಂದಕ್ಕೆ ಹೋಗಿ ಗೂಡುಗಳನ್ನು ಪರೀಕ್ಷಿಸತೊಡಗಿದರು. ಅಮ್ಮನ ದೃಷ್ಟಿ ಅಂಗಳವನ್ನೆಲ್ಲ ಸುತ್ತಿ ಬಂದು ನನ್ನ ಮೇಲೆ ನಿಂತಿತು.

"ಇವನ್ನ ಕರ್ಕೊಂಡ್ಹೋಗಪ್ಪ ದೀನಪ್ಪ," ಎಂದಳು. "ಓದಿದಾನೆ. ಇಂಗ್ಲಿಷ್ ಬರುತ್ತೆ. ಸೇದೋ ಚಟ ಒಂದಿದೆ, ನೀನು ಮುಂದೆ ಕೂತಿದ್ರೆ ಬಿಡ್ತಾನೆ, ನೋಡಿದೀನಿ. ಸೊಸೆಗೆ ನಾನ್ ಹೇಳ್ಕೊಂತೀನಿ."

ಅದನ್ನೂ ನಾನೇ ಭಾಷಾಂತರ ಮಾಡಿ ಹೇಳಬೇಕಲ್ಲ ಎಂದು ಮಾತು ಹುಡುಕುತ್ತಿದ್ದೆ. ಬೇಕಾಗಲಿಲ್ಲ. ಒಂದು ವಾರ ಅಮ್ಮನ ಪಕ್ಕದಲ್ಲಿ ಸೊಪ್ಪು ಹೆಚ್ಚಿದವನಿಗೆ ಅವಳ ಮಾತು ಅರ್ಥವಾಗಿತ್ತು. ಅವನು ನನ್ನ ಕಡೆ ತಿರುಗಿದ. ಪೆಟ್ಟಿಗೆ ಅಂಗಡಿಯ ಮುಂದೆ ನೋಡಿದ್ದನಲ್ಲ, ಅದೇ ಸ್ನೇಹದಿಂದ ನೋಡಿದ. ಆಮೇಲೆ ಅಮ್ಮನ ಕಡೆ ತಿರುಗಿ, ಕೈ ಮುಗಿದು, ಅಚ್ಚ ನಮ್ಮ ಬೀದಿಯ ಮಾತಿನಲ್ಲಿ, "ಬೇಡಮ್ಮ, ನಿಮ್ಗೇ ಇರ್ಲಿ" ಎಂದ.

ಅಮ್ಮ ತಲೆಯಾಡಿಸಿದಳು. ಅವನ ಮಾತಿನಲ್ಲಿ ಅವಳಿಗೆ ತಪ್ಪೇನೂ ಕಾಣಲಿಲ್ಲ. ಒಂದು ಚೀಲ ರಾಗಿಹಿಟ್ಟು ಕಟ್ಟಿಕೊಟ್ಟಳು. ಅದನ್ನು ಬೇಡವೆನ್ನುವ ನಿಯಮ ಅವನಿಗೆ ತಕ್ಷಣ ನೆನಪಾಗಲಿಲ್ಲವೆಂದು ಕಾಣುತ್ತದೆ, ತೆಗೆದುಕೊಂಡ. ನನ್ನನ್ನು ಆಮೇಲೆ ಜೀವನದಲ್ಲಿ ಎಷ್ಟೋ ಜನ ಬೇಡ ಎಂದಿದ್ದಾರೆ. ಬಡ್ತಿಯ ಸಮಯದಲ್ಲಿ ಎಂದಿದ್ದಾರೆ, ವರ್ಗದ ಸಮಯದಲ್ಲಿ ಎಂದಿದ್ದಾರೆ. ಅವರೆಲ್ಲ ಮೇಜಿನ ಮುಂದೆ ಕೂತು, ಕನ್ನಡಕ ತೆಗೆದು ಒರೆಸಿ, ಸ್ವಲ್ಪ ಹೊತ್ತಾದರೂ ಯೋಚನೆ ಮಾಡಿ ಬೇಡವೆಂದವರು. ಆರು ತಿಂಗಳು ಬಿಸಿಲಿನಲ್ಲಿ ಸೈಕಲ್ ತುಳಿದು ಒಬ್ಬನೇ ಒಬ್ಬನಿಗಾಗಿ ಹಾತೊರೆಯುತ್ತಿದ್ದ ಹುಡುಗ, ಪುಕ್ಕಟೆಯಾಗಿ ಒಬ್ಬನನ್ನು ಕೊಟ್ಟಾಗ, ಅಷ್ಟು ಹೊತ್ತು ಕೂಡ ತೆಗೆದುಕೊಳ್ಳಲಿಲ್ಲ.